ಬೆಳ್ಳಿ ಕರಡಿಗೆ ಹೊರಗಿಟ್ಟ ಸಂಜೆ

ಕೊಪ್ಪಳ ಸ್ಟೇಶನ್ನಿಗೆ ಹೋಗುವ ಹಾದಿಯಲ್ಲಿ, ಹತ್ತಿ ಜಿನ್ನಿನ ಹಿಂದುಗಡೆ, ಹೆಂಚಿನ ಒಂದು ಹಳೆಯ ಬಂಗಲೆ ಇತ್ತು. ಅದರ ಕಿಟಕಿಗಳು ಯಾವಾಗಲೂ ಮುಚ್ಚಿರುತ್ತಿದ್ದವು. ಊರವರು ಅದಕ್ಕೆ ಜಾದೂ ಬಂಗ್ಲೆ ಎಂದು ಹೆಸರಿಟ್ಟಿದ್ದರು. ತಿಂಗಳಿಗೊಮ್ಮೆ ಕೋಟು ತೊಟ್ಟ ದೊಡ್ಡ ಮನುಷ್ಯರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ, ಹೊರಗೆ ಒಬ್ಬ ಬಿಚ್ಚುಗತ್ತಿ ಹಿಡಿದು ನಿಲ್ಲುತ್ತಾನೆ ಅಂದಮೇಲೆ ಊರವರು ಸುಮ್ಮನಿರುತ್ತಾರೆಯೇ? ಒಳಗೆ ತಲೆಬುರುಡೆಗೆ ಪೂಜೆ ನಡೆಯುತ್ತದೆ ಅಂದರು. ಹೊಸಬನನ್ನು ಹೆಣದ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ ಅಂದರು. ಕುಕನೂರ ಸಂತೆಯಲ್ಲಂತೂ ಒಬ್ಬಾಕೆ, ಅಲ್ಲಿಗೆ ಹೋಗಿಬಂದವನ ನೆರಳು ನೆಲಕ್ಕೆ ಬೀಳುವುದಿಲ್ಲ ಎಂದು ಮಕ್ಕಳ ಮೇಲೆ ಆಣೆ ಮಾಡಿ ಹೇಳಿದ್ದಳು. ಅದು ಫ್ರೀಮೇಸನ್ ಎಂಬ ಗುಟ್ಟಿನ ಸಂಘದ ಲಾಡ್ಜು, ನಾನು ಅದರ ಸದಸ್ಯನಾಗಿ ಬಹಳ ವರ್ಷ ಇದ್ದೆ. ನನ್ನ ನೆರಳು ಇವತ್ತಿಗೂ ಬೀಳುತ್ತದೆ, ಬೇಕಾದವರು ಬಂದು ನೋಡಬಹುದು.

ನಾನು ಹತ್ತಿಯ ಅಡತಿ ವ್ಯಾಪಾರದವನು. ತಂದೆ ಬೇಗ ಹೋದರು. ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ. ನಾನು ಒಬ್ಬನೇ ಮಗ, ಹಿಂದೆ ಮುಂದೆ ಹುಟ್ಟಿದವರು ಯಾರೂ ಇಲ್ಲ. ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ನಿಜಾಮರ ರಾಜ್ಯದಲ್ಲಿ ನಾಲ್ಕು ಜನ ಒಂದು ಕಡೆ ಕೂತು ಮಾತಾಡಬೇಕಾದರೂ ಅಪ್ಪಣೆ ಬೇಕಿದ್ದ ಕಾಲ ಅದು. ನಮ್ಮ ಓಣಿಯಲ್ಲೇ ಇದ್ದ ವಕೀಲರೊಬ್ಬರು, ನನ್ನ ಕೋರ್ಟಿನ ಕೆಲಸವನ್ನೆಲ್ಲ ನೋಡುತ್ತಿದ್ದವರು, ಒಂದು ದಿನ ನಶ್ಯ ಏರಿಸುತ್ತ ಕಿವಿಯಲ್ಲಿ ಹೇಳಿದರು.

"ನೀವು ನಮ್ಮ ಲಾಡ್ಜಿಗೆ ಬರ್ರಿ ಸಾವಕಾರ್ರ. ಅಲ್ಲಿ ಬ್ರಾಹ್ಮಣ, ಮುಸಲ್ಮಾನ, ಪಾರ್ಸಿ, ರೈಲ್ವೆ ಸಾಹೇಬ ಎಲ್ಲಾರೂ ಒಂದ ಬಾಕಿನ ಮ್ಯಾಲ ಕುಂದರ್ತಾರ. ಒಬ್ಬರಿಗೊಬ್ಬರು ಅಣ್ಣತಮ್ಮರು."

"ಕುಂತು ಏನ್ ಮಾಡ್ತಾರ್ರಿ?"

"ಅದನ್ನ ಹೇಳಾಕ ಬರಂಗಿಲ್ಲ."

ಹೇಳಲು ಬರುವುದಿಲ್ಲ ಅಂದರೆ ನನಗೆ ಅನ್ನ ಸೇರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಆ ವಾರವೇ ಹ್ಞೂಂ ಅಂದುಬಿಟ್ಟೆ.

ಅವ್ವನಿಗೆ ಹೇಳುವುದು ದೊಡ್ಡ ಕೆಲಸವಾಯಿತು. ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ಎಲ್ಲ ಕೇಳಿದಳು. ಮೊರವನ್ನು ಬದಿಗೆ ಇಟ್ಟಳು. "ಜಾದೂ ಬಂಗ್ಲೆಕರ ಹೋಗು, ಮಸಣಕ್ಕರ ಹೋಗು. ನೀ ಸಣ್ಣಾಂವಲ್ಲ. ಒಂದ ಮಾತು ಕೇಳು. ಎದಿ ಮ್ಯಾಲಿನ ಲಿಂಗ ಮೈ ಬಿಟ್ಟು ಇಳೀಬಾರದು. ಅದು ಇಳೀತಂದ್ರ ಮಗನ್ನ ಕಳಕೊಂಡೆ ಅಂತ ತಿಳಕೋತೀನಿ. ಆಮ್ಯಾಲ ನೀ ಯಾರೋ, ನಾ ಯಾರೋ."

ನಾವು ಲಿಂಗವಂತರು. ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ, ಸತ್ತಾಗಲೂ ಅದರ ಜೊತೆಗೇ ಮಣ್ಣಿಗೆ ಹೋಗುತ್ತೇವೆ. ನಡುವೆ ಅದು ದೇಹವನ್ನು ಬಿಟ್ಟು ದೂರವಾಗುವ ಹಾಗಿಲ್ಲ. ನಮ್ಮಜ್ಜನ ಕಾಲದ ಬೆಳ್ಳಿಯ ಕರಡಿಗೆಯಲ್ಲಿ ನನ್ನ ಲಿಂಗ ಇರುತ್ತಿತ್ತು. ತತ್ತಿಯಷ್ಟು ದಪ್ಪದ ಆ ಕರಡಿಗೆ ಅಂಗಿಯ ಮೇಲೆಯೇ ಎದ್ದು ಕಾಣುತ್ತಿತ್ತು. "ಅಷ್ಟೇನಾ ಅವ್ವಾ? ಮಾತು ಕೊಟ್ಟೆ," ಅಂದೆ. ಲಿಂಗಕ್ಕೂ ಆ ಬಂಗಲೆಗೂ ಏನು ಸಂಬಂಧ ಎಂದು ಒಳಗೊಳಗೆ ನಕ್ಕೆ ಕೂಡ.

ಗೊತ್ತಾದ ದಿನ ಸಂಜೆ ವಕೀಲರು ನನ್ನನ್ನು ಬಂಗಲೆಯ ಪಡಸಾಲೆಯಲ್ಲಿ ಬಿಟ್ಟು ಒಳಗೆ ಹೋದರು. ಬಾಗಿಲಲ್ಲಿ ಕತ್ತಿ ಹಿಡಿದು ನಿಂತಿದ್ದವನು ಭೂತವೂ ಅಲ್ಲ, ಬೇತಾಳವೂ ಅಲ್ಲ, ನಮ್ಮೂರಿನ ಪಿಂಚಣಿ ಜಮಾದಾರ. ದಿನಾ ಬೆಳಗ್ಗೆ ಅವನು ಎಮ್ಮೆ ಮೈ ತೊಳೆಯುವುದನ್ನು ನೋಡಿದ್ದೆ. ಅವನು ನನ್ನನ್ನು ಪಕ್ಕದ ಸಣ್ಣ ಕೋಣೆಗೆ ಕರೆದೊಯ್ದು ಕಂದೀಲು ಹಚ್ಚಿ, ಒಂದು ಪರಾತ ಮುಂದಿಟ್ಟ.

"ಮೈಮ್ಯಾಲ ಕಬ್ಬಿಣ, ಬೆಳ್ಳಿ, ಬಂಗಾರ ಏನೂ ಇರಬಾರದ್ರಿ ಸಾವಕಾರ್ರ. ಒಂದು ಗುಂಡಿ ಸುದ್ದಾ ಇರಬಾರದು. ಎಲ್ಲಾ ಇದರಾಗ ಹಾಕ್ರಿ. ಒಳಗ ಬಡವ ಆಗೇ ಹೋಗಬೇಕು."

ಉಂಗುರ ಹಾಕಿದೆ. ಬೀಗದ ಕೈಗೊಂಚಲು ಹಾಕಿದೆ. ಜರಿಯ ಶಲ್ಯ ತೆಗೆದೆ. ಬೆಳ್ಳಿ ಉಡದಾರಕ್ಕೂ ಅವನು ಕೈ ತೋರಿಸಿದಾಗ ಮಾತ್ರ ಸಿಟ್ಟು ಬಂತು. ಉಡದಾರ ಇಲ್ಲದ ಗಂಡಸು ಅಂದರೆ ನಮ್ಮ ಕಡೆ ಬೈಗುಳ. ಹಲ್ಲು ಕಚ್ಚಿ ಅದನ್ನೂ ಬಿಚ್ಚಿದೆ. ಜಮಾದಾರ ಕಂದೀಲು ಮೇಲೆತ್ತಿದ. ಅವನ ಕಣ್ಣು ನನ್ನ ಎದೆಯ ಮೇಲೆ ನಿಂತಿತು.

"ಅದೂ ಬೆಳ್ಳಿ ಅಲ್ಲೇನ್ರಿ?"

ನನ್ನ ಕೈ ತಾನಾಗಿ ಕರಡಿಗೆಯನ್ನು ಮುಚ್ಚಿಕೊಂಡಿತು. "ಇದು ಬೆಳ್ಳಿ ಅಲ್ಲೋ ಮಾರಾಯ, ಲಿಂಗ," ಅಂದೆ. ಅವನು ಬಹಳ ಸಂಕೋಚಪಟ್ಟ. ಇದಕ್ಕೆ ಮುಂಚೆ ಅಲ್ಲಿಗೆ ಲಿಂಗವಂತರು ಯಾರೂ ಬಂದಿರಲಿಲ್ಲ. ನಿಯಮ ಅಂದರೆ ನಿಯಮ, ತಾನು ಬಿಡುವ ಹಾಗಿಲ್ಲ, ಬಿಡದೆ ಇರಲು ಮನಸ್ಸೂ ಇಲ್ಲ ಎಂದು ಅವನು ಒಳಗೆ ಸುದ್ದಿ ಕಳಿಸಿದ.

ವಕೀಲರು ಬೆವರು ಒರೆಸುತ್ತ ಬಂದರು. "ಒಂದ ತಾಸಿನ ಮಾತು. ಬಿಚ್ಚಿ ನನ್ನ ಕೈಯಾಗ ಕೊಡ್ರಿ, ಮಡಿಲೆ ಹಿಡಕೊಂಡು ಕುಂದರ್ತೀನಿ."

"ನೀವು ಸೇರಿದ ದಿನ ನಿಮ್ಮ ಜನಿವಾರ ಬಿಚ್ಚಿ ಯಾರ ಕೈಯಾಗರ ಕೊಟ್ಟಿದ್ರೇನು?"

"ಜನಿವಾರ ನೂಲ್ರಿ. ಲೋಹ ಅಲ್ಲ."

ಕೋರ್ಟಿನಲ್ಲಿ ಇದೇ ಜಾಣತನಕ್ಕೆ ನಾನು ಅವರನ್ನು ಮೆಚ್ಚುತ್ತಿದ್ದೆ. ಅವತ್ತು ಎರಡು ಬಿಗಿಯಬೇಕು ಅನ್ನಿಸಿತು. "ಹಂಗಾರ ನಿಮ್ಮ ಲಾಡ್ಜು ನಿಮಗೇ ಇರಲಿ," ಎಂದು ತಿರುಗಿ ಕಟ್ಟಿಕೊಳ್ಳಲು ಪರಾತದಲ್ಲಿದ್ದ ಉಡದಾರಕ್ಕೆ ಕೈ ಹಾಕಿದೆ. ಸಿಟ್ಟಿನ ಅಡಿಯಲ್ಲಿ ಹೆದರಿಕೆಯೂ ಇತ್ತು, ಅದನ್ನು ಯಾಕೆ ಮುಚ್ಚಿಡಲಿ? ಒಳಗೆ ಕೂತವರು ನನ್ನ ಹೆಸರು ಒಪ್ಪಿ, ಊರಿನ ಮುಂದೆ ನಾನು ಹೊರಟು, ಈಗ ಬಾಗಿಲಿನಿಂದಲೇ ತಿರುಗಿದರೆ ನಾಳೆ ಪೇಟೆಯಲ್ಲಿ ಮುಖ ತೋರಿಸುವುದು ಹೇಗೆ? ಮುಂದೆ ಹೋದರೆ ಅವ್ವ. ಒಳಗೆ ಮರದ ಸುತ್ತಿಗೆಯ ಪೆಟ್ಟು ಕೇಳಿತು, ಮಾತು ನಿಂತಿತು. ಬಾಗಿಲು ತೆರೆದು, ಸಭೆ ನಡೆಸುವ ಪೀಠದ ಮೇಲಿನವರೇ ಎದ್ದು ಹೊರಗೆ ಬಂದರು. ಹಾಗೆ ಅವರು ಎದ್ದು ಬರುವ ಪದ್ಧತಿ ಇಲ್ಲ ಎಂದು ಆಮೇಲೆ ತಿಳಿಯಿತು.

ಆ ವರ್ಷ ಲಾಡ್ಜಿನ ಪೀಠದಲ್ಲಿ ಇದ್ದವರು ನಮ್ಮೂರ ಡಾಕ್ಟರ ಸಾಹೇಬರು. ಹೈದರಾಬಾದಿನಲ್ಲಿ ಓದಿ ಬಂದು ಇಲ್ಲೇ ದವಾಖಾನೆ ಇಟ್ಟ ಮುಸಲ್ಮಾನರು, ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ಕರಡಿಗೆಯನ್ನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು, ಹುಣ್ಣು ನೋಡುವಾಗ ಬಗ್ಗುವ ಹಾಗೆ.

"ಒಳಗಿರೋದು ಲೋಹದ್ದೇನ್ರಿ?"

"ಅಲ್ಲ. ಕಲ್ಲು. ಮ್ಯಾಲ ಕರೇ ಕಂತಿಯ ಲೇಪ."

"ಹಂಗಾರ ಬೆಳ್ಳಿ ಏನು?"

"ಅದು ಅದರ ಮನಿ."

"ಮನಿ ಹೊರಗ ಇರಲಿ. ಮಾಲಕರು ಒಳಗ ಬರಲಿ," ಅಂದರು. "ಬಟ್ಟಿಯೊಳಗ ಕಟ್ಟಿಕೋಬಹುದಲ್ಲ? ನಮ್ಮ ದವಾಖಾನಿಗೆ ಬರೋ ಬಡವರು ಹಂಗ ಕಟ್ಟಿರತಾರ. ನೋಡೀನಿ."

ನನಗೆ ಹೊಳೆದೇ ಇರಲಿಲ್ಲ. ಬೆಳ್ಳಿ ಕಂಡವನಿಗೆ ಅರಿವೆ ಹೇಗೆ ಹೊಳೆಯಬೇಕು? ಆದರೆ ಅರಿವೆ ಎಲ್ಲಿಂದ ತರುವುದು? ನನ್ನ ಶಲ್ಯಕ್ಕೆ ಜರಿ. ಉಟ್ಟ ಧೋತರ ದಿನವಿಡೀ ಅಂಗಡಿಯ ಧೂಳಿನಲ್ಲಿ ಹೊರಳಿದ್ದು. ವಕೀಲರು ಉಮೇದಿನಿಂದ ತಮ್ಮ ಕರವಸ್ತ್ರ ತೆಗೆದರು, ಅದು ನಶ್ಯದಿಂದ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ತಮ್ಮ ಶೇರ್ವಾನಿಯ ಕಿಸೆಯಿಂದ ಮಡಿಕೆ ಬಿಚ್ಚದ ಬಿಳಿಯ ಮಲಮಲ್ ವಸ್ತ್ರ ತೆಗೆದು ಅಂಗೈ ಮೇಲೆ ಇಟ್ಟು ಚಾಚಿದರು. ಅದರ ಮೂಲೆಯಲ್ಲಿ ನೀಲಿ ದಾರದ ಕಸೂತಿ, ಒಂದೇ ಒಂದು ಉರ್ದು ಅಕ್ಷರ.

"ಇವತ್ತ ಒಗದದ್ದು. ಮುಖಾ ಒರಸಿಲ್ಲ. ನಿಮಗ ಒಪ್ಪಿಗಿ ಇದ್ರ ತಗೋರಿ, ಇಲ್ಲಾಂದ್ರ ಸಿಟ್ಟಿಲ್ಲ. ನಾನ ನಿಮ್ಮನ್ನ ಮನಿತನಕ ಬಿಟ್ಟು ಬರತೀನಿ."

ಮುಸಲ್ಮಾನರ ಮನೆಯ ವಸ್ತ್ರದಲ್ಲಿ ಲಿಂಗ. ನಮ್ಮ ಕಾಕಾ ಕೇಳಿದರೆ ಊರು ಹೊತ್ತಿ ಉರಿಯುತ್ತದೆ ಎಂದು ಗೊತ್ತಿತ್ತು. ಆದರೆ ಆ ಕೈ ಚಾಚಿದ ರೀತಿಯಲ್ಲಿ ಒತ್ತಾಯ ಇರಲಿಲ್ಲ. ನಾನು ತೆಗೆದುಕೊಂಡೆ. ಲಿಂಗವನ್ನು ಅಂಗೈಗೆ ತಂದು, ಮಲಮಲ್ಲಿನಲ್ಲಿ ಸುತ್ತಿ, ಕರಡಿಗೆಗೆ ಕಟ್ಟಿದ್ದ ನನ್ನ ಶಿವದಾರದಿಂದಲೇ ಎದೆಗೆ ಕಟ್ಟಿಕೊಂಡೆ. ಅದು ಒಂದು ಕ್ಷಣವೂ ಮೈ ಬಿಟ್ಟು ಇಳಿಯಲಿಲ್ಲ. ಜಮಾದಾರ ಕರಡಿಗೆಯನ್ನು ಪರಾತಕ್ಕೆ ಹಾಕಲು ಒಪ್ಪಲಿಲ್ಲ. "ಬೀಗದ ಕೈ ಸಂಗಾಟ ದೇವರ ಮನಿ ಇಡಬಾರದ್ರಿ," ಎಂದು ನನ್ನ ಕೈಯಿಂದಲೇ ಅದನ್ನು ಎತ್ತರದ ಗೂಡಿನಲ್ಲಿ ಇಡಿಸಿದ.

ಒಳಗೆ ಏನಾಯಿತು ಅನ್ನುವುದನ್ನು ಹೇಳುವುದಿಲ್ಲ. ಕೇಳಬೇಡಿ, ಸಿಟ್ಟು ಬರುತ್ತದೆ. ಕಣ್ಣು ಕಟ್ಟಿದ್ದರು, ಎದೆಗೆ ಏನೋ ತಣ್ಣಗೆ ತಾಗಿತು, ಆಗ ಮಲಮಲ್ಲಿನ ಒಳಗಿನ ಲಿಂಗ ಎದೆಗೆ ಒತ್ತಿ ನನ್ನ ಹೆದರಿಕೆ ಇಳಿಯಿತು, ಅಷ್ಟು ಸಾಕು. ಆಣೆಯ ಮಾತು ಮಾತ್ರ ನನ್ನದು, ಅದನ್ನು ಹೇಳುತ್ತೇನೆ. ಅಲ್ಲಿ ಅವರವರ ಧರ್ಮದ ಪುಸ್ತಕ ಮುಟ್ಟಿ ಆಣೆ ಮಾಡಬೇಕು. ನನ್ನ ಮುಂದೆ ಯಾವುದನ್ನು ಇಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಎದೆಯ ಗಂಟು ಬಿಚ್ಚಿ ಲಿಂಗವನ್ನು ಎಡಗೈಗೆ ತಂದು, ಒಳಗಿನದನ್ನು ಹೊರಗೆ ಹೇಳುವುದಿಲ್ಲ ಎಂದೆ. ಕಟ್ಟಿಟ್ಟ ಇಂಗ್ಲಿಷ್ ಮಾತುಗಳು ನನ್ನ ಬಾಯಲ್ಲಿ ತಿರುಗದೆ ತೊದಲಿದವು. ಯಾರೂ ನಗಲಿಲ್ಲ.

ಮುಗಿದಾಗ ಎಲ್ಲರೂ ಕೈಹಿಡಿದು ಅಲುಗಿಸಿದರು. ಡಾಕ್ಟರು "ಭಾಯಿ" ಅಂದರು. ಪರಾತದಲ್ಲಿ ಇದ್ದದ್ದನ್ನೆಲ್ಲ ತೊಟ್ಟುಕೊಂಡು, ತೇಲುತ್ತ ಮನೆಗೆ ಬಂದೆ. ಗೂಡಿನಲ್ಲಿ ಇಟ್ಟದ್ದು ನೆನಪೇ ಆಗಲಿಲ್ಲ.

ಅವ್ವ ಬಾಗಿಲಲ್ಲೇ ಕೂತಿದ್ದಳು. ನನ್ನ ಮುಖ ನೋಡಲಿಲ್ಲ, ಎದೆ ನೋಡಿದಳು. ಬೆಳ್ಳಿ ಇಲ್ಲ. ಅವಳ ಕೈ ಹೊಸ್ತಿಲನ್ನು ಹಿಡಿದುಕೊಂಡಿತು. ನಾನು ಗಾಬರಿಯಾಗಿ ಅಂಗಿ ಸರಿಸಿ ಗಂಟು ತೋರಿಸಿದೆ. "ಐತಿ ಅವ್ವಾ! ಇಲ್ಲೇ ಐತಿ! ಮೈ ಬಿಟ್ಟು ಇಳಿದಿಲ್ಲ!" ಅವಳು ಹತ್ತಿರ ಬಂದು ಬೆರಳಿನಿಂದ ವಸ್ತ್ರವನ್ನು ಸವರಿದಳು. ನೀಲಿ ಕಸೂತಿಯ ಹತ್ತಿರ ಬೆರಳು ನಿಂತಿತು. ಮೂಗಿಗೆ ಅತ್ತರಿನ ಘಮ ಬಂದಿರಬೇಕು.

"ಇದು ಯಾರ ವಸ್ತ್ರ?"

"ಹೇಳಂಗಿಲ್ಲವ್ವಾ. ಆಣಿ ಆಗೇತಿ."

"ಯಾವುದರ ಮ್ಯಾಲ?"

"ಇದರ ಮ್ಯಾಲ."

ಲಿಂಗ ಹಿಡಿದು ಮಾಡಿದ ಆಣೆಯನ್ನು ಮುರಿ ಎಂದು ಅವಳ ಬಾಯಿಂದ ಹೊರಡುವುದು ಸಾಧ್ಯವಿರಲಿಲ್ಲ. ಒಳಗೆ ಹೋಗಿ ಮಡಿ ವಸ್ತ್ರ ತಂದು ಕೊಟ್ಟಳು. ನಾನು ಲಿಂಗವನ್ನು ಅದಕ್ಕೆ ಬದಲಿಸಿದೆ. ಮಲಮಲ್ಲನ್ನು ಅವಳು ಒಯ್ದಳು. ಅವತ್ತು ಅವಳು ಊಟ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಅನಾಹುತ ಮಾಡಿದವನು ಜಮಾದಾರ. ಪಾಪ, ಭಕ್ತಿಯಿಂದಲೇ ಮಾಡಿದ! ಮರುದಿನ ಬೆಳಗ್ಗೆ ಗೂಡಿನಲ್ಲಿ ಕರಡಿಗೆ ಕಂಡು, ಕೈಯಿಂದ ಮುಟ್ಟಬಾರದೆಂದು ಎಲೆಯಲ್ಲಿ ಹಿಡಿದೆತ್ತಿ ಹಿತ್ತಾಳೆಯ ತಾಟಿನಲ್ಲಿ ಇಟ್ಟು, ಆರತಿ ಹಿಡಿದವನ ಹಾಗೆ ಎರಡೂ ಕೈಯಲ್ಲಿ ಎತ್ತಿ, ತುಂಬಿದ ಪೇಟೆಯ ನಡುವೆ ನಮ್ಮ ಮನೆಗೆ ನಡೆದು ಬಂದ. ಕಿಸೆಗೆ ಹಾಕಿಕೊಂಡು ಬಂದಿದ್ದರೆ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಅವನು ನಮ್ಮ ಬಾಗಿಲು ಮುಟ್ಟುವ ಮೊದಲೇ, ಜಾದೂ ಬಂಗ್ಲೆಯಲ್ಲಿ ನಾನು ಲಿಂಗ ಬಿಟ್ಟುಕೊಟ್ಟೆ ಎಂಬ ಸುದ್ದಿ ಗವಿಮಠದ ಹಾದಿ ಹಿಡಿದಿತ್ತು.

ಮಧ್ಯಾಹ್ನ ಕಾಕಾ ಬಂದರು, ನಮ್ಮಪ್ಪನ ತಮ್ಮ. ಎತ್ತರದ ಆಳು, ದೊಡ್ಡ ರುಮಾಲು, ಮಾತು ಬಾರುಕೋಲಿನ ಪೆಟ್ಟು. ಓಣಿಯ ಹಿರಿಯರನ್ನೂ ಜೊತೆಗೆ ಕರೆತಂದಿದ್ದರು. ಕೂತುಕೊಳ್ಳಲಿಲ್ಲ.

"ಏನಲೇ, ಅಲ್ಲಿ ಏನಾತು, ಬಾಯಿ ಬಿಡು."

"ಹೇಳಾಕ ಬರಂಗಿಲ್ಲ ಕಾಕಾ."

"ಬರಂಗಿಲ್ಲಾಂದ್ರ ಪಂಚರ ಮುಂದ ಬಾ. ಲಿಂಗ ಬಿಟ್ಟಾಂವ ಭವಿ, ನಮ್ಮ ಕುಲದಾಂವಲ್ಲ. ನಾಳೆ ನಿಮ್ಮ ಮನ್ಯಾಗ ನೀರು ಕುಡಿಯೋರು ಇರಂಗಿಲ್ಲ, ಹೆಣಾ ಎತ್ತೋರೂ ಇರಂಗಿಲ್ಲ. ತಿಳೀತೇನು?"

ಹೇಳಿದರೆ ಆಣೆ ಹೋಯಿತು, ಹೇಳದಿದ್ದರೆ ಕುಲ ಹೋಯಿತು. ಅಡುಗೆಮನೆಯ ಬಾಗಿಲಿನಿಂದ ಅವ್ವ ಸೆರಗು ಹೊದ್ದು ಹೊರಗೆ ಬಂದಳು. ಮೈದುನನ ಮುಂದೆ ಅವಳು ದನಿ ಎತ್ತಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ನನ್ನ ಮಗನ ಲಿಂಗ ಮೈಮ್ಯಾಲ ಇತ್ತು. ಬಾಗಲಾಗ ನಾನ ನೋಡೀನಿ."

"ಕರಡಗಿ ಅಲ್ಲೇ ಉಳದಿತ್ತಲ್ಲ ವೈನಿ? ಲಿಂಗ ಯಾತರಾಗ ಕಟ್ಟಿದ್ದ?"

ನಾನು ಕಣ್ಣು ಮುಚ್ಚಿದೆ.

"ನಮ್ಮನಿ ವಸ್ತ್ರದಾಗ," ಅಂದಳು.

ಅವ್ವ ಸುಳ್ಳು ಹೇಳುವವಳಲ್ಲ ಎಂದು ಊರಿಗೆ ಗೊತ್ತು. ಹಿರಿಯರು ರುಮಾಲು ಸರಿಮಾಡಿಕೊಂಡು ಹೊರಟುಹೋದರು. ಕಾಕಾ ಮಾತ್ರ ಹೊರಡುವಾಗ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಎಲ್ಲರೂ ಹೋದಮೇಲೆ ಅವ್ವ ನನಗೆ ಬೆನ್ನು ಮಾಡಿ ನಿಂತು, "ನನ್ನ ಬಾಯಾಗ ಸುಳ್ಳು ಹಾಕಿದೆಲ್ಲೋ ತಮ್ಮಾ," ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಅಳು ಬಂತು. ಆ ಮಳೆಗಾಲವೆಲ್ಲ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು.

ಮುಂದಿನ ವರ್ಷಗಳಲ್ಲಿ ಲಾಡ್ಜು ಅಂದರೆ ಏನೆಂದು ಕೇಳಿದರೆ, ಹೆಚ್ಚುಕಡಿಮೆ ಬಾಯಿಪಾಠ. ಇಂಗ್ಲಿಷ್ ಮಾತುಗಳನ್ನು ಉರುಹೊಡೆದು ಒಪ್ಪಿಸುವುದು, ತಪ್ಪಿದರೆ ಪಕ್ಕದವರು ಪಿಸುಗುಟ್ಟುವುದು. ಕುಷ್ಟಗಿಯಿಂದ ಒಬ್ಬರು ಜಟಕಾದಲ್ಲಿ ಬಂದು ಅರ್ಧಕ್ಕೇ ಗೊರಕೆ ಹೊಡೆಯುತ್ತಿದ್ದರು. ಯಲಬುರ್ಗಾದ ಒಬ್ಬರಿಗೂ ನನಗೂ ಹೊರಗೆ ಒಂದು ದಾವೆ ನಡೆದಿತ್ತು, ಒಳಗೆ ಇಬ್ಬರೂ ಒಂದೇ ಬಾಕಿನ ಮೇಲೆ ಮೊಣಕೈ ತಾಗಿಸಿ ಕೂರಬೇಕು. ಸೊಂಟಕ್ಕೆ ಕಟ್ಟುವ ಬಿಳಿಯ ಏಪ್ರನ್ನು ಕುರಿಮರಿಯ ತೊಗಲಿನದು. ಅದನ್ನು ಮನೆಗೆ ತರುವ ಧೈರ್ಯ ನನಗೆ ಎಂದೂ ಆಗಲಿಲ್ಲ, ಅಲ್ಲೇ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಆದರೂ ಆ ಬಾಗಿಲು ಹಾಕಿದಮೇಲೆ ನನ್ನನ್ನು ಯಾವ ಜಾತಿ ಎಂದು ಕೇಳುವವರು ಇರಲಿಲ್ಲ. ಅದರ ರುಚಿ ಹತ್ತಿತ್ತು.

ಆಮೇಲೆ ಕೆಟ್ಟ ಕಾಲ ಬಂತು. ರಜಾಕಾರರ ಹಾವಳಿಗೆ ಹೆದರಿ ಜನ ತುಂಗಭದ್ರೆ ದಾಟಿ ಆಚೆಗೆ ಓಡಿದರು, ಗದಗಿನ ಕಡೆಗೂ ಓಡಿದರು. ವಕೀಲರೂ ಹೋದರು. ಬಂಗಲೆಗೆ ಬೀಗ ಬಿತ್ತು. ನಿಜಾಮರ ಆಳ್ವಿಕೆ ಮುಗಿದಾಗ ಹೆದರಿಕೆ ಮನೆ ಬದಲಿಸಿತು, ಈಗ ಡಾಕ್ಟರು ದವಾಖಾನೆಯ ಬಾಗಿಲು ಮುಚ್ಚಿ ಒಳಗೆ ಕೂತರು. ಯಾರಿಗೂ ಕೇಡು ಮಾಡದ ಮನುಷ್ಯ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಅವರ ಓಣಿಗೆ ಕಾಲಿಡುವವರು ಇರಲಿಲ್ಲ. ಆ ಚಳಿಗಾಲದಲ್ಲೇ ಅವ್ವ ಹಾಸಿಗೆ ಹಿಡಿದಳು. ನಾನು ಹೋಗಿ ಕರೆದಾಗ ಡಾಕ್ಟರು ಹಿತ್ತಲ ಬಾಗಿಲಿನಿಂದ ಬಂದು ನೋಡಿದರು, ತಲೆ ಅಲ್ಲಾಡಿಸಿದರು. ಅವರು ಹೋದಮೇಲೆ ಅವ್ವ ತನ್ನ ಟ್ರಂಕು ತೆಗೆಸಿದಳು. ಇಳಕಲ್ ಸೀರೆಯ ಕೆಳಗೆ ಆ ಮಲಮಲ್ ವಸ್ತ್ರ ಒಗೆದು ಮಡಿಚಿ ಇತ್ತು. ನೀಲಿ ಅಕ್ಷರವನ್ನು ಅವಳು ಕಿತ್ತಿರಲಿಲ್ಲ.

"ನಿನ್ನ ಲಿಂಗ ನೆಲಕ್ಕ ಬೀಳದಂಗ ಹಿಡದ ವಸ್ತ್ರ ಇದು. ನನ್ನ ಲಿಂಗಕ್ಕೂ ಇದ ಇರಲಿ," ಅಂದಳು. "ಬೆಳ್ಳಿ ಹೊರಗ ತಗೀರಿ."

ಊರ ಹೊರಗಿನ ನಮ್ಮ ಹೊಲದಲ್ಲಿ ಗುಣಿ ತೆಗೆದಿದ್ದರು. ತೀರಿಕೊಂಡ ಅವ್ವನನ್ನು ನಮ್ಮ ಪದ್ಧತಿಯಂತೆ ಅದರಲ್ಲಿ ಕೂರಿಸಿ ಮಠದ ಅಯ್ಯನವರು ವಿಭೂತಿ ಹಚ್ಚಿದರು. ಅವಳ ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ನಾನು ಮಲಮಲ್ಲಿನಲ್ಲಿ ಸುತ್ತುತ್ತಿದ್ದೆ. ಕಾಕಾ ನನ್ನ ಕೈ ಹಿಡಿದರು. ಮುದುಕರಾಗಿದ್ದರು, ಹಿಡಿತ ಮಾತ್ರ ಮೊದಲಿನದೇ.

"ಉರ್ದು ಅಕ್ಷರ ಐತಿ ಇದರಾಗ. ಆವತ್ತ ವೈನಿ ನಮ್ಮನಿ ವಸ್ತ್ರ ಅಂದಿದ್ರು. ಇದು ಅದ ಅಲ್ಲೇನು? ಯಾರ್ದಿದು?"

ಎಲ್ಲರೂ ನನ್ನ ಕಡೆ ತಿರುಗಿದರು. ಬೇಲಿಯ ಆಚೆ, ಜಾಲಿಗಿಡದ ಕೆಳಗೆ, ಡಾಕ್ಟರು ಒಬ್ಬರೇ ನಿಂತಿದ್ದರು, ಒಳಗೆ ಬರಲು ಧೈರ್ಯವಿಲ್ಲದೆ. ಗುಣಿಯಲ್ಲಿ ಅವ್ವ ಕೂತಿದ್ದಾಳೆ. ಜನ್ಮದಲ್ಲಿ ಒಂದೇ ಸಲ ಅವಳು ಆಡಿದ ಸುಳ್ಳು, ಅದೂ ನನಗಾಗಿ ಆಡಿದ್ದು, ಅವಳ ಹೆಣದ ಮುಂದೆ ಬಯಲಾಗುತ್ತಿದೆ. ಸಿಟ್ಟೋ ದುಃಖವೋ ತಿಳಿಯದ ದನಿಯಲ್ಲಿ ಹೇಳಿದೆ.

"ನಮ್ಮಣ್ಣಂದು ಕಾಕಾ. ಅವ್ವ ಸುಳ್ಳು ಹೇಳಿಲ್ಲ. ನಮ್ಮನೀದ ಅದು."

ನಾನು ಒಬ್ಬನೇ ಮಗ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಾಕಾ ವಸ್ತ್ರ ನೋಡಿದರು, ಅವ್ವನ ಮುಖ ನೋಡಿದರು, ಬೇಲಿಯ ಕಡೆ ನೋಡಿದರು. ನನ್ನ ಕೈ ಬಿಟ್ಟರು.

"ಅಣ್ಣ ಆದಾಂವ ಬೇಲಿ ಹೊರಗ ಯಾಕ ನಿಂತಾನ?" ಎಂದು ಗದರಿದರು. "ಕರಿ ಅವನ್ನ. ದೊಡ್ಡ ಮಗ ಮಣ್ಣು ಹಾಕದ ನೀ ಹೆಂಗ ಹಾಕ್ತಿ?"

ನಾನು ಬೇಲಿಯವರೆಗೆ ಹೋಗಿ ಕೈಹಿಡಿದು ಕರೆತಂದೆ. ಡಾಕ್ಟರು ಗುಣಿಯ ಅಂಚಿನಲ್ಲಿ ಬೂಟು ಕಳಚಿದರು. ಕೈಗಡಿಯಾರ ಬಿಚ್ಚಿದರು, ಬೆರಳಿನ ಉಂಗುರ ತಿರುಚಿ ತೆಗೆದರು, ಎರಡನ್ನೂ ನನ್ನ ಅಂಗೈಗೆ ಹಾಕಿದರು. ಆಮೇಲೆ ಬಗ್ಗಿ, ಬರಿಗೈಯಿಂದ ಮಣ್ಣು ತೆಗೆದುಕೊಂಡರು.